ಲಿಫ್ಟಿನ ಬಾವಿಗೆ ಹೇಳಿದ ಮಾತು

"ಯಾರಾದ್ರೂ ಇದೀರಾ...? ಅಯ್ಯೋ, ಬಾಗಿಲು ತೆಗೀರಿ! ದಯವಿಟ್ಟು ತೆಗೀರಿ!"

ಅವಳು ಎರಡೂ ಕೈಯಿಂದ ಲಿಫ್ಟಿನ ಬಾಗಿಲು ಬಡಿಯುತ್ತಿದ್ದಳು. ನಡುಬೇಸಿಗೆಯ ಮಧ್ಯಾಹ್ನ. ಕರೆಂಟ್ ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ಕಣ್ಣಿಗೆ ಬೆರಳಿಟ್ಟರೂ ಕಾಣದಂಥ ಕತ್ತಲೆ. ಫ್ಯಾನು ನಿಂತಿತ್ತು, ತಗಡಿನ ಗೋಡೆ ಮುಟ್ಟಿದರೆ ಬಿಸಿ. ಇರುವ ಗಾಳಿಯೆಲ್ಲ ಇನ್ನೇನು ಮುಗಿದೇಹೋಯಿತು ಎಂದು ಅವಳಿಗೆ ಅನ್ನಿಸತೊಡಗಿತ್ತು.

ಕಂಕುಳಲ್ಲಿದ್ದ ಡಬ್ಬಿಯೊಳಗೆ ಯಾರದೋ ಹಲ್ಲುಸೆಟ್ಟು ಕಟಕಟ ಎನ್ನುತ್ತಿತ್ತು. ಅವಳ ಬಾಯೊಳಗಿನ ಸ್ವಂತ ಹಲ್ಲುಗಳೂ ಅದೇ ಕೆಲಸದಲ್ಲಿದ್ದವು.

ಆ ಕಟ್ಟಡದ ಐದನೇ ಮಹಡಿಯಲ್ಲಿ ಅವಳ ದೊಡ್ಡಮ್ಮನ ಕೃತಕ ಹಲ್ಲಿನ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಎರಡು ರೂಮು, ಒಂದು ಒಲೆ, ನಾಲ್ಕಾರು ಮೂಟೆ ಪ್ಲಾಸ್ಟರ್ ಪುಡಿ ಅಷ್ಟೇ. ಹಲ್ಲಿನ ವೈದ್ಯರು ಅಚ್ಚು ಕಳಿಸುತ್ತಿದ್ದರು, ಇವರು ಹಲ್ಲು ಮಾಡಿ ಕಳಿಸುತ್ತಿದ್ದರು. ಹಲ್ಲು ಉಜ್ಜಿ ನುಣುಪು ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಹಲ್ಲಿ ಕಂಡರೆ ಭಯ, ಸಿಡಿಲಿಗೆ ಭಯ, ಹೊಸಬರ ಜೊತೆ ಫೋನಿನಲ್ಲಿ ಮಾತಾಡಲೂ ಭಯ. ಹಾಗಾಗಿ ದೊಡ್ಡಮ್ಮ ಚಿಕ್ಕಂದಿನಲ್ಲೇ ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟುಬಿಟ್ಟಿದ್ದಳು. ಈಗ ಇಡೀ ಕಟ್ಟಡಕ್ಕೇ ಅವಳು ಪುಕ್ಕಲಿ.

ತಲೆಯ ಮೇಲೆ ದಡ್ ಎಂದು ಏನೋ ಬಿದ್ದ ಸದ್ದಾಯಿತು. ಮೇಲಿನ ತಗಡು ಸರಿಯಿತು. ಬೆಳಕು ಕಣ್ಣಿಗೆ ಚುಚ್ಚಿತು. ಆ ಬೆಳಕಿನ ಹಿಂದೆ ಒಂದು ಮುಖ, ಅದೂ ತಲೆಕೆಳಗಾಗಿ!

ಪುಕ್ಕಲಿ ಜೀವಮಾನದಲ್ಲಿ ಕಿರುಚಿರದ ಹಾಗೆ ಕಿರುಚಿದಳು.

"ಕಿರುಚಿ, ಬೇಡ ಅನ್ನಲ್ಲ..." ಎಂದಿತು ಮುಖ. "ಆದ್ರೆ ಮಧ್ಯೆ ಮಧ್ಯೆ ಉಸಿರು ತಗೊಳ್ಳಿ."

"ನೀ... ನೀವು ಯಾರು?"

"ಲಿಫ್ಟಿನವನು. ರಿಪೇರಿ ಮಾಡೋನು. ನಿಮ್ಮ ತಲೆ ಮೇಲೇ ಕೂತಿದೀನಿ, ಅಂದ್ರೆ ಲಿಫ್ಟಿನ ಛಾವಣಿ ಮೇಲೆ. ಒಬ್ರೇ ಇದೀರಾ?"

"ಹಲ್ಲುಸೆಟ್ಟಿದೆ ಜೊತೇಲಿ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ತಲೆಕೆಳಗಾದ ಮುಖ ನಕ್ಕಿತು. ತಲೆಕೆಳಗಾಗಿದ್ದರೂ ಅದು ಒಳ್ಳೆಯ ನಗು ಎಂದು ಅಷ್ಟು ಭಯದಲ್ಲೂ ಅವಳಿಗೆ ಹೊಳೆಯಿತು. ಹಲ್ಲಿನ ಕೆಲಸದವಳು ನೋಡಿ, ಸಾಲು ಸರಿಯಾಗಿದೆ ಎಂಬುದನ್ನೂ ಗಮನಿಸಿಬಿಟ್ಟಳು.

"ಈಗ ನಾನು ಹೇಳೋದು ಸರಿಯಾಗಿ ಕೇಳಿಸ್ಕೊಳ್ಳಿ," ಅವನು ದನಿ ತಗ್ಗಿಸಿ ಗಂಭೀರವಾದ. "ತುತ್ತತುದೀಲಿ ಮೋಟಾರ್ ರೂಮಲ್ಲಿ ನಮ್ಮ ಭಾವ ಇದಾರೆ. ಕರೆಂಟ್ ಇಲ್ದಾಗ ಕೈಯಲ್ಲೇ ಚಕ್ರ ತಿರುಗಿಸಿ ಲಿಫ್ಟ್ ಎತ್ತಬೇಕು. ಲಿಫ್ಟ್ ಓಡಾಡೋ ಈ ಗೂಡಿಗೆ ನಾವು ಬಾವಿ ಅಂತೀವಿ. ಬಾವಿಯಿಂದ ಒಂದು ದನಿ ಕೇಳಿದ್ರೆ ಭಾವ ಚಕ್ರ ತಿರುಗಿಸ್ತಾರೆ. ಇನ್ನೊಂದು ದನಿ ಕೇಳಿದ್ರೆ ನಿಲ್ಲಿಸ್ತಾರೆ. ಯಾರು ಕೂಗಿದ್ರು, ಏನಂತ ಕೂಗಿದ್ರು, ಒಂದೂ ತಿಳಿಯಲ್ಲ ಅಲ್ಲಿ. ಬರೀ ಗುಂಯ್ ಅನ್ನತ್ತೆ. ಅದಕ್ಕೇ ಈಗಿಂದ ನೀವು ಕಮಕ್ ಕಿಮಕ್ ಅನ್ನಬಾರ್ದು."

"ಮತ್ತೆ ಇಷ್ಟೊತ್ತು ಕಿರುಚಿದ್ದು?"

"ಇಷ್ಟೊತ್ತು ಭಾವ ಮೆಟ್ಟಿಲು ಹತ್ತಾ ಇದ್ರು. ಈಗ ಚಕ್ರ ಹಿಡ್ಕೊಂಡಿರ್ತಾರೆ. ಬಾಯಿಗೆ ಕೈ ಅಡ್ಡ ಇಟ್ಕೊಳ್ಳಿ... ಹಾಂ, ಹಾಗೆ. ಕಣ್ಣು ಮಾತ್ರ ನನ್ನ ಕಡೆ ಇರ್ಲಿ."

ಅವಳು ಹಾಗೇ ಮಾಡಿದಳು. ಅವನು ಮೇಲಕ್ಕೆ ಮುಖ ಮಾಡಿ "ಓ...!" ಎಂದು ಕೂಗಿದ. ಲಿಫ್ಟು ನಡುಗಿತು. ಮೊಳದಷ್ಟು ಏರಿತು. ಮತ್ತೆ ಮೊಳದಷ್ಟು. ಅವಳ ಎದೆ ಹೊಡೆದುಕೊಳ್ಳುವ ಸದ್ದೇ ಭಾವನಿಗೆ ಕೇಳಿಸಿಬಿಟ್ಟೀತೇನೋ ಎಂದು ಅವಳಿಗೆ ಹೆದರಿಕೆ. ಆದರೆ ಅವನ ಮೇಲಿಂದ ಕಣ್ಣು ಕೀಳಲಿಲ್ಲ.

ಅವನು ಇನ್ನೊಮ್ಮೆ ಕೂಗಿ ಲಿಫ್ಟು ನಿಲ್ಲಿಸಿ, ಛಾವಣಿಯಿಂದ ಒಳಗಿಳಿದು ಬಾಗಿಲು ತೆರೆದ. ಅವನು ಕೈಹಿಡಿದು ಹೊರಗೆಳೆದ. ಅವನ ಅಂಗೈಯಲ್ಲಿ ಗ್ರೀಸು, ಇವಳ ಅಂಗೈಯಲ್ಲಿ ಬೆವರು. ಕೈ ಜಾರಿತು, ಅವನು ಮತ್ತೆ ಹಿಡಿದ. ಎರಡನೇ ಸಲ ಹಿಡಿದದ್ದನ್ನು ಬಿಡಲು ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡ.

* * *

ಅಂದಿನಿಂದ ಪುಕ್ಕಲಿ ಲಿಫ್ಟು ಹತ್ತಲಿಲ್ಲ. ಐದು ಮಹಡಿ ಏದುಸಿರು ಬಿಡುತ್ತ ಏರುವುದು, ಏದುಸಿರು ಬಿಡುತ್ತ ಇಳಿಯುವುದು.

ಆದರೆ ಲಿಫ್ಟಿನವನು ಮಾತ್ರ ಆ ಕಟ್ಟಡಕ್ಕೆ ಪದೇ ಪದೇ ಬರತೊಡಗಿದ. ಬೇಸಿಗೆ ಏರಿದ ಹಾಗೆ ಊರಿನಲ್ಲಿ ಕರೆಂಟ್ ಹೋಗುವುದೂ ಹೆಚ್ಚಾಗಿತ್ತು, ಲಿಫ್ಟು ಕೆಡುವುದೂ ಹೆಚ್ಚಾಗಿತ್ತು. ಅದು ಕೆಡದ ದಿನವೂ ಅವನು ಬಂದು ಅದರ ಯೋಗಕ್ಷೇಮ ವಿಚಾರಿಸಿ, ಐದನೇ ಮಹಡಿಗೆ ಬಂದು ತಣ್ಣೀರು ಕೇಳುತ್ತಿದ್ದ.

"ಕೆಳಗಡೆ ನಲ್ಲಿ ಇಲ್ವೇನಪ್ಪಾ?" ಎಂದು ದೊಡ್ಡಮ್ಮ ಕೇಳಿದಳು.

"ಇದೆ ಅಮ್ಮಾ. ಆದ್ರೆ ಅದರಲ್ಲಿ ನೀರು ಮಾತ್ರ ಬರತ್ತೆ."

ದೊಡ್ಡಮ್ಮ ಕನ್ನಡಕದ ಮೇಲಿಂದ ಅವನನ್ನೊಮ್ಮೆ, ತಲೆ ತಗ್ಗಿಸಿ ಹಲ್ಲು ಉಜ್ಜುತ್ತಿದ್ದ ಪುಕ್ಕಲಿಯನ್ನೊಮ್ಮೆ ನೋಡಿದಳು. ಪುಕ್ಕಲಿ ಉಜ್ಜಿದ ಹಲ್ಲನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದಳು.

"ಲೇ, ಆ ಮುದುಕಪ್ಪ ಇನ್ನೂ ಅದರಲ್ಲಿ ಊಟ ಮಾಡ್ಬೇಕು ಕಣೇ. ಸವೆಸಿಬಿಡಬೇಡ!"

ಹೀಗೆ ಶುರುವಾದದ್ದು ಮೆಟ್ಟಿಲ ಮೇಲಿನ ಮಾತಾಯಿತು, ಸಂಜೆ ಬಸ್ ನಿಲ್ದಾಣದವರೆಗಿನ ನಡಿಗೆಯಾಯಿತು. ಅವನಿಗೆ ಅಪ್ಪ ಅಮ್ಮ ಇರಲಿಲ್ಲ. ಸಾಕಿದ್ದು ಅಕ್ಕ, ಕೆಲಸ ಕಲಿಸಿದ್ದು ಭಾವ. ಬಾವಿಯಲ್ಲಿ ಕೆಳಗೆ ಇವನು, ಮೇಲೆ ಭಾವ. ಎಷ್ಟೋ ವರ್ಷಗಳಿಂದ ಹೀಗೇ. "ನನ್ನ ಜೀವ ನಮ್ಮ ಭಾವನ ಕಿವೀಲಿದೆ," ಎಂದು ಅವನು ನಗುತ್ತ ಹೇಳುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ಒಂದು ಸಂಜೆ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಅವನು ಕೇಳಿಯೇಬಿಟ್ಟ.

"ಮದುವೆ ಆಗೋಣ್ವಾ?"

'ಹೂಂ ಅನ್ನು, ಹೂಂ ಅನ್ನು...' ಎಂದು ಅವಳ ಮನಸ್ಸು ಒಳಗೇ ಕುಣಿಯುತ್ತಿತ್ತು. ಬಾಯಿಂದ ಬಂದದ್ದು ಬೇರೆ.

"ನಂಗೆ ಭಯ ಆಗತ್ತೆ."

"ನನ್ನ ಕಂಡ್ರಾ?"

"ಅಲ್ಲ! ನೀವು ಆ ಕತ್ತಲೇಲಿ ಇಳೀತೀರಲ್ಲ... ದಿನಾ ಸಂಜೆ ನೀವು ಬರೋವರೆಗೂ ನಾನು ಬಾಗಿಲು ನೋಡ್ಕೊಂಡು ಕೂತಿರ್ಬೇಕಾ? ಒಂದಿನ ಬರದೇ ಹೋದ್ರೆ?"

"ಕೆಲಸ ಬಿಡು ಅಂತೀರಾ?"

"ಬಿಡಿ ಅಂದ್ರೆ ಬಿಡ್ತೀರಾ?"

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಇಲ್ಲ... ಭಾವನ ಜೊತೆ ಬಿಟ್ಟು ನಂಗೆ ಬೇರೆ ಕೆಲಸ ಬರಲ್ಲ. ಆದ್ರೆ ನೀವು ಬೇಡ ಅಂದ್ರೆ ಮತ್ತೆ ಕೇಳಲ್ಲ. ನೀರು ಕೇಳೋಕೂ ಬರಲ್ಲ."

ಅವನು ಇಳಿದು ಹೋದ. ಹೇಳಿದ ಹಾಗೆಯೇ ಆಮೇಲೆ ಬಂದರೆ ಕೆಲಸ ಮುಗಿಸಿ ಸೀದಾ ಹೊರಟುಬಿಡುತ್ತಿದ್ದ. ತಣ್ಣೀರಿನ ಹೂಜಿ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು. ಪುಕ್ಕಲಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಅವನು ಇದ್ದರೆ ಆಗುವ ಭಯ ಒಂದು ತೂಕವಾದರೆ, ಅವನಿಲ್ಲದೇ ಹೋದರೆ ಆಗುವ ಭಯ ಅದರ ಎರಡರಷ್ಟು ತೂಗಿತು.

'ಹೇಳಿಬಿಡಬೇಕು,' ಎಂದುಕೊಂಡಳು. 'ಆದ್ರೆ ಅವರ ಮುಖ ನೋಡಿದ್ರೆ ನನ್ನ ಬಾಯಿ ಕಟ್ಟಿಹೋಗತ್ತೆ.'

* * *

ಆ ದಿನ ಮಧ್ಯಾಹ್ನವೂ ಕರೆಂಟ್ ಇರಲಿಲ್ಲ. ಡಬ್ಬಿ ಹಿಡಿದು ಎದುರು ಬೀದಿಯ ಕ್ಲಿನಿಕ್ಕಿಗೆ ಹೊರಟ ಪುಕ್ಕಲಿ ಲಿಫ್ಟಿನ ಎದುರು ನಿಂತುಬಿಟ್ಟಳು. ಐದನೇ ಮಹಡಿಯ ಬಾಗಿಲು ಒಂದು ಗೇಣಿನಷ್ಟು ತೆರೆದಿತ್ತು, ಅಡ್ಡಲಾಗಿ ಸರಪಳಿ. ಸಂದಿನಲ್ಲಿ ಇಣುಕಿದಳು. ಸ್ವಲ್ಪ ಕೆಳಗೆ ಲಿಫ್ಟಿನ ಛಾವಣಿಯ ಮೇಲೆ ಅವನು ಕೂತಿದ್ದ. ಬೆನ್ನು ಈ ಕಡೆಗಿತ್ತು. ಅಂಗಿ ಬೆವರಿಗೆ ಅಂಟಿಕೊಂಡಿತ್ತು.

ಮುಖ ಕಾಣುವುದಿಲ್ಲ. ಇದಕ್ಕಿಂತ ಒಳ್ಳೆಯ ಗಳಿಗೆ ಪುಕ್ಕಲಿಗೆ ಸಿಗುವಂತಿರಲಿಲ್ಲ!

ಬಾವಿಯೊಳಗೆ ದನಿ ಮಾಡಬಾರದೆಂಬುದು ಅವಳಿಗೆ ಗೊತ್ತಿತ್ತು. ಪಿಸುಮಾತು ಮೇಲಿನವರೆಗೆ ಮುಟ್ಟುವುದಿಲ್ಲ ಎಂದೂ ಲೆಕ್ಕ ಹಾಕಿದಳು. ನೆಲದ ಮೇಲೆ ಮಂಡಿಯೂರಿ ಸಂದಿಗೆ ಬಾಯಿ ಹಚ್ಚಿದಳು.

"ತಿರುಗಬೇಡಿ... ದಯವಿಟ್ಟು ತಿರುಗಬೇಡಿ. ನಾನು. ನಂಗಿನ್ನೂ ಭಯ ಇದೆ. ಭಯ ಹೋಗ್ಲಿ ಅಂತ ಕಾದ್ರೆ ನಾನು ಮುದುಕಿ ಆಗ್ತೀನಿ. ಅದಕ್ಕೇ... ನಾನು ಒಪ್ಪಿದೀನಿ. ನಿಮ್ಮನ್ನೇ ಮದುವೆ ಆಗ್ತೀನಿ."

ಅವನ ಬೆನ್ನು ನೆಟ್ಟಗಾದದ್ದನ್ನು ಕಂಡಳು. ಅಷ್ಟೇ, ಅವಳ ಧೈರ್ಯದ ದಾಸ್ತಾನು ಪೂರ್ತಿ ಖಾಲಿ! ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕಿವಿ ಮುಚ್ಚಿಕೊಂಡು, ಮೆಟ್ಟಿಲು ಮೆಟ್ಟಿಲು ಹಾರುತ್ತ ಬೀದಿಗೆ ಓಡಿದಳು. ಅವನು ಏನು ಹೇಳುತ್ತಾನೋ ಎಂಬ ಭಯ, ನಾಚಿಕೆ, ಖುಷಿ, ಎಲ್ಲವೂ ಒಟ್ಟಿಗೆ. ಬಿಸಿಲಿನಲ್ಲಿ ನಿಂತು ಒಬ್ಬಳೇ ನಕ್ಕಳು.

ಕ್ಲಿನಿಕ್ಕಿನಲ್ಲಿ ಬೇಕೆಂದೇ ತಡಮಾಡಿ ವಾಪಸು ಬಂದಾಗ ಲಿಫ್ಟಿಗೆ ಬೀಗ ಬಿದ್ದಿತ್ತು. ಅವರ ವ್ಯಾನೂ ಇರಲಿಲ್ಲ.

"ಭಾವ, ಭಾವಮೈದ ಇಬ್ರೂ ದಡಬಡ ಅಂತ ಹೋದ್ರು," ಎಂದ ಕಾವಲುಗಾರ, ಬೀಸಣಿಗೆ ಆಡಿಸುತ್ತ. "ಏನಾಯ್ತು ಅಂದೆ. ಮೋಟಾರ್ ಬಿಸಿಯಾಗಿದೆ ಅಂದ್ರು ಭಾವ. ನಿಲ್ಲಲೇ ಇಲ್ಲ."

"ನನಗೇನಾದ್ರೂ... ಹೇಳಿ ಹೋದ್ರಾ?"

"ನಿನಗೇನು ಹೇಳ್ತಾರಮ್ಮಾ? ನೀನು ಲಿಫ್ಟೇ ಹತ್ತಲ್ವಲ್ಲ!"

ಸಂಜೆ ಕಾದಳು, ಅವನು ಬರಲಿಲ್ಲ. ಫೋನ್ ಮಾಡಿದಳು, ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ಅದರ ಮರುದಿನವೂ.

'ನಾನು ಒಪ್ಪಿದೀನಿ ಅಂದ ತಕ್ಷಣ ಓಡಿಹೋದ್ರಾ? ಅಷ್ಟು ದಿನ ಕಾಯಿಸಿದ್ದಕ್ಕೆ ಮನಸ್ಸು ಬದಲಾಯ್ತಾ? ಅಥವಾ ಮೊದಲೇ ಬರೀ ತಮಾಷೆಗೆ ಕೇಳಿದ್ರಾ...?'

ಅವಳು ಹಲ್ಲು ಉಜ್ಜುವ ಯಂತ್ರದ ಸದ್ದಿನಲ್ಲಿ ಅತ್ತಳು. ಆ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ. ಕಣ್ಣು ಕೆಂಪಾದದ್ದಕ್ಕೆ ಪುಡಿ ಬಿತ್ತು ಎನ್ನಬಹುದು. ದೊಡ್ಡಮ್ಮ ಒಂದು ದಿನ ನಂಬಿದಳು, ಎರಡನೇ ದಿನ ನಂಬಿದ ಹಾಗೆ ಮಾಡಿದಳು.

* * *

ಆ ವಾರ ಕಳೆಯುವ ಹೊತ್ತಿಗೆ ಭಾವ ಬಂದರು. ಜೊತೆಗೆ ಲಿಫ್ಟಿನವನಿರಲಿಲ್ಲ. ಬೇರೊಬ್ಬ ಕೆಲಸಗಾರನಿದ್ದ. ಅವನಿಗೆ ಬೀಗ, ಚಾವಿ, ಉಪಕರಣದ ಚೀಲ ಎಲ್ಲ ಒಪ್ಪಿಸಿ, ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು. ಧಡೂತಿ ಆಳು ಒಂದೇ ವಾರದಲ್ಲಿ ಇಳಿದುಹೋಗಿದ್ದರು.

ಪುಕ್ಕಲಿ ಅವರನ್ನು ದಾಟಿ ಹೋಗಬೇಕೆಂದಿದ್ದಳು. ಆದರೆ ಸಿಟ್ಟು ಬಾಯಿಗೆ ಬಂತು.

"ನಿಮ್ಮ ಭಾವಮೈದುನ ಎಲ್ಲಿ? ಈ ಕಡೆ ಬರೋಕೆ ನಾಚಿಕೆ ಆಗತ್ತಂತಾ?"

ಭಾವ ತಲೆಯೆತ್ತಿದರು. ಅವರ ಕಣ್ಣು ನೋಡಿ ಅವಳ ಸಿಟ್ಟು ಅಲ್ಲೇ ತಣ್ಣಗಾಯಿತು.

"ದೊಡ್ಡಾಸ್ಪತ್ರೇಲಿದಾನೆ ಕಣಮ್ಮಾ. ಭುಜದ ಮೂಳೆ ಮುರಿದಿದೆ. ಕೈಗೂ ಪೆಟ್ಟು, ಆಪರೇಶನ್ ಆಯ್ತು. ನಾನೇ... ನನ್ನ ಕೈಯಾರೆ ಮಾಡಿದೆ."

ಪುಕ್ಕಲಿ ಗೋಡೆ ಹಿಡಿದಳು.

"ಆವತ್ತು ಮಧ್ಯಾಹ್ನ. ಚಕ್ರ ಹಿಡ್ಕೊಂಡು ಕೂತಿದ್ದೆ. ಮೇಲೆ ಬೆಂಕಿ ಥರ ಸೆಕೆ. ಒಂದು ದನಿ ಕೇಳಿಸ್ತು, ತಿರುಗಿಸಿದೆ. ಅವನು ಎದ್ದು ನಿಂತಿದ್ನಂತೆ, ಗೋಡೆ ಕಡೆ ಕೈ ಚಾಚಿದ್ನಂತೆ. ಲಿಫ್ಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡ. ಮತ್ತೆ ಕೂಗೋಷ್ಟು ಉಸಿರಿತ್ತು, ನಿಲ್ಲಿಸಿದೆ. ಇಲ್ದಿದ್ರೆ... ಕಾವಲುಗಾರ ಕೇಳಿದ್ದಕ್ಕೆ ಮೋಟಾರ್ ಬಿಸಿ ಅಂತ ಏನೋ ಹೇಳಿ, ಅವನ ಕೈಗೆ ಟವೆಲ್ ಸುತ್ತಿ ವ್ಯಾನಲ್ಲಿ ಕರ್ಕೊಂಡು ಓಡಿದೆ."

"ದನಿ... ಕೇಳಿಸಿತ್ತಲ್ಲ ನಿಮಗೆ?"

"ಎಲ್ಲಿಂದ ಕೇಳಿಸತ್ತೆ! ಅವನೇನೋ ಹೇಳ್ತಾನೆ, ಭಾವಾ, ನಾನೇ ಬಾಯಿತಪ್ಪಿ ಕೂಗಿದೆ ಅಂತ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಬಾಯಿತಪ್ಪಿದವನಲ್ಲ ಅವನು. ಯಾಕೆ ಕೂಗಿದೆ ಅಂದ್ರೆ ಬಾಯಿ ಬಿಡಲ್ಲ. ನನ್ನ ಮಾನ ಉಳಿಸೋಕೆ ಸುಳ್ಳು ಹೇಳ್ತಿದಾನೆ, ಗೊತ್ತಾಗಲ್ವಾ ನಂಗೆ? ನನ್ನ ಕಿವಿ ಕೆಟ್ಟಿದೆ ತಾಯೀ. ಇಲ್ಲದ ದನಿ ಕೇಳಿಸ್ಕೊಂಡು ಚಕ್ರ ತಿರುಗಿಸಿದೀನಿ. ಅವನ ಅಕ್ಕ ನನ್ನ ಜೊತೆ ಮಾತು ಬಿಟ್ಟಿದಾಳೆ. ಬಿಡಲಿ. ನಾನು ಇನ್ನು ಈ ಕೆಲಸಕ್ಕೆ ಕೈ ಹಾಕಲ್ಲ."

'ನಾನು! ನಾನು ಮಾತಾಡಿಸಿದ್ದಕ್ಕೆ ಅವರು ಕೂಗಿದ್ದು!'

ಹೇಳಬೇಕಿತ್ತು, ಅಲ್ಲೇ, ಆಗಲೇ. ಆದರೆ ಧೈರ್ಯ ಬರಲಿಲ್ಲ. ಅವಳು ತನ್ನ ದನಿ ಎಷ್ಟಿರಬೇಕೆಂದು ಯೋಚಿಸಿದ್ದಳು. ಅವನು ಉತ್ತರ ಕೊಡಬಹುದೆಂದು, ಖುಷಿಗೆ ಮೈಮರೆಯಬಹುದೆಂದು ಯೋಚಿಸಿಯೇ ಇರಲಿಲ್ಲ. ಅವನು ಜಜ್ಜಿಹೋಗುತ್ತಿದ್ದ ಹೊತ್ತಿನಲ್ಲಿ ಅವಳು ಬಿಸಿಲಲ್ಲಿ ನಿಂತು ನಗುತ್ತಿದ್ದಳು!

ಭಾವ ಗೋಡೆ ಹಿಡಿದುಕೊಂಡು ಎದ್ದು ಹೋದರು. ಪುಕ್ಕಲಿ ನಿಂತೇ ಇದ್ದಳು.

* * *

"ಹೇಳ್ತೀಯಾ, ಇಲ್ಲ ಹೀಗೇ ಗೋಡೆಗೆ ಒರಗಿ ಗೋಡೆ ಆಗ್ತೀಯಾ?" ದೊಡ್ಡಮ್ಮ ಒಲೆ ಆರಿಸಿ ಬಂದು ಎದುರು ಕೂತಳು.

ಪುಕ್ಕಲಿ ಎಲ್ಲವನ್ನೂ ಹೇಳಿದಳು. ಅಳುತ್ತ, ತಡವರಿಸುತ್ತ, ಕೊನೆಗೆ ದೊಡ್ಡಮ್ಮನ ತೊಡೆಯಲ್ಲಿ ಮುಖ ಹುದುಗಿಸಿ.

"ಅವರಕ್ಕ ನನ್ನನ್ನ ಸಾಯಿಸಿಬಿಡ್ತಾರೆ ದೊಡ್ಡಮ್ಮಾ..."

"ಬೈತಾಳೆ. ಬೈಯಲಿ ಬಿಡು. ತಮ್ಮನ್ನ ಸಾಕಿದವಳು, ಬೈಯೋ ಹಕ್ಕಿದೆ."

"ಅವರಿಗೂ ನನ್ನ ಮುಖ ನೋಡೋಕೆ ಇಷ್ಟ ಇಲ್ದಿದ್ರೆ?"

"ಹಾಗೂ ಇರಬಹುದು."

"ಇಲ್ಲ, ಹಾಗೇನೂ ಇಲ್ಲ ಅಂತಾದ್ರೂ ಹೇಳಿ!"

"ನಂಗೇನು ಗೊತ್ತೇ? ನಾನು ಹಲ್ಲು ಮಾಡೋಳು, ಜ್ಯೋತಿಷ್ಯ ಹೇಳೋಳಲ್ಲ." ದೊಡ್ಡಮ್ಮ ಅವಳ ಮುಖ ಎತ್ತಿ ಕಣ್ಣೊರೆಸಿದಳು. ದನಿ ಮೆತ್ತಗಾಯಿತು. "ನೋಡು ಮಗಾ. ಆ ಹುಡುಗ ನಿನ್ನ ಹೆಸರು ಹೊರಗೆ ಬರಬಾರ್ದು ಅಂತ ಬಾಯಿ ಮುಚ್ಕೊಂಡಿದಾನೆ. ಆ ದೊಡ್ಡ ಮನುಷ್ಯ ಮಾಡದ ತಪ್ಪಿಗೆ ಕೊರಗಿ ಕೊರಗಿ ಸಾಯ್ತಿದಾನೆ. ಕೇಳಿಸಿದ್ದು ನಿಜ ಅಂತ ಹೇಳೋಕೆ ನಿನ್ನ ಬಿಟ್ಟು ಇನ್ಯಾರಿದಾರೆ? ನಾನು ನಿನ್ನ ಪುಕ್ಕಲಿ ಅಂತ ಕರೆದಿರಬಹುದು. ಕೆಟ್ಟವಳು ಅಂತ ಯಾವತ್ತೂ ಕರೆದಿಲ್ಲ."

"ನೀವೂ ಬನ್ನಿ ಜೊತೆಗೆ."

"ಆಸ್ಪತ್ರೆ ಬಾಗಿಲವರೆಗೆ ಬರ್ತೀನಿ. ಒಳಗೆ ನೀನೇ ಹೋಗ್ಬೇಕು."

* * *

ಆಸ್ಪತ್ರೆಯಲ್ಲಿ ಮೂಳೆಯ ವಾರ್ಡು ನಾಲ್ಕನೇ ಮಹಡಿಯಲ್ಲಿತ್ತು. ಪ್ರೀತಿಯ ಆವೇಶದಲ್ಲಿ ಪುಕ್ಕಲಿ ಲಿಫ್ಟು ಹತ್ತಿಬಿಟ್ಟಳು ಎಂದು ಬರೆಯಲು ನನಗೂ ಆಸೆ. ಹತ್ತಲಿಲ್ಲ. ಮೆಟ್ಟಿಲನ್ನೇ ಹತ್ತಿದಳು. ಒಂದೊಂದು ಮಹಡಿಗೂ 'ವಾಪಸು ಹೋಗಿಬಿಡೋಣ' ಅನ್ನಿಸಿತು. ಒಮ್ಮೆ ನಿಜಕ್ಕೂ ನಾಲ್ಕು ಮೆಟ್ಟಿಲು ಇಳಿದಳು. ಮತ್ತೆ ಹತ್ತಿದಳು.

ಉದ್ದನೆಯ ವಾರ್ಡಿನ ಕೊನೆಯ ಮಂಚ, ಕಿಟಕಿಯ ಪಕ್ಕ. ಅವನು ದಿಂಬಿಗೊರಗಿದ್ದ. ಭುಜದಿಂದ ಬೆರಳತುದಿಯವರೆಗೆ ಬಿಳಿಯ ಪಟ್ಟಿ. ಕೆನ್ನೆ ಒಳಗೆ ಹೋಗಿತ್ತು. ಮಂಚದ ಈ ಕಡೆ ಅಕ್ಕ ಹಣ್ಣು ಹೆಚ್ಚುತ್ತಿದ್ದಳು. ಆ ಕಡೆ ಸ್ಟೂಲಿನ ಮೇಲೆ, ಹೆಂಡತಿಗೆ ಬೆನ್ನು ಹಾಕಿ, ಭಾವ ಕಿಟಕಿಯಾಚೆ ನೋಡುತ್ತಿದ್ದರು.

ಅವನು ಅವಳನ್ನು ಕಂಡ. ಕಣ್ಣು ಅರಳಿತು. ಮರುಕ್ಷಣವೇ ಗಾಬರಿಯಿಂದ ತಲೆಯಾಡಿಸಿದ. ಬೇಡ, ಹೇಳಬೇಡ!

"ಯಾರಮ್ಮಾ ನೀನು?" ಅಕ್ಕ ಕೇಳಿದಳು.

ಪುಕ್ಕಲಿ ಬಾಯಿ ತೆರೆದಳು. ಏದುಸಿರು ಬಿಟ್ಟರೆ ಬೇರೇನೂ ಬರಲಿಲ್ಲ.

"ನೀರು ಬೇಕಾ?"

"ಬೇಡ..." ಮಂಚದ ಕಂಬಿ ಗಟ್ಟಿಯಾಗಿ ಹಿಡಿದಳು. "ನಾನು... ಹಲ್ಲು ಮಾಡೋಳು. ಐದನೇ ಮಹಡಿ. ಆವತ್ತು ಇವರು ಬಾವಿಯೊಳಗಿದ್ದಾಗ ನಾನು ಬಾಗಿಲ ಸಂದಿಯಿಂದ ಮಾತಾಡಿಸಿದೆ. ಅದಕ್ಕೇ ಇವರು ಕೂಗಿದ್ದು. ಬಾಯಿತಪ್ಪಿ ಅಲ್ಲ... ನನ್ನಿಂದ."

ಅಕ್ಕನ ಕೈಯಲ್ಲಿದ್ದ ಚಾಕು ನಿಂತಿತು.

"ಅಲ್ಲಿ ಮಾತಾಡಬಾರ್ದು ಅಂತ ನಿನಗೆ ಗೊತ್ತಿರಲಿಲ್ಲ, ಅಲ್ವಾ?"

ಅಕ್ಕ ಕೇಳಿದ ರೀತಿಯಲ್ಲೇ ಕರುಣೆ ಇತ್ತು. ಗೊತ್ತಿರಲಿಲ್ಲ ಎಂದರೆ ಸಾಕಿತ್ತು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಗೊತ್ತಿತ್ತು ಅಕ್ಕಾ. ಇವರೇ ಹೇಳಿದ್ರು. ಮೆಲ್ಲಗೆ ಹೇಳಿದ್ರೆ ಏನೂ ಆಗಲ್ಲ ಅಂದ್ಕೊಂಡೆ. ಮುಖ ನೋಡಿ ಹೇಳೋಕೆ ಧೈರ್ಯ ಇರಲಿಲ್ಲ. ಹೇಳಿ ಕಿವಿ ಮುಚ್ಕೊಂಡು ಓಡಿಹೋದೆ. ಹೀಗಾಗಿದೆ ಅಂತ ನಂಗೆ ಗೊತ್ತಾಗಿದ್ದು ಇವತ್ತು. ಬೈಯಿರಿ, ಹೊಡೀರಿ, ಏನು ಬೇಕಾದ್ರೂ ಮಾಡಿ. ಆದ್ರೆ ಭಾವನ ತಪ್ಪಿಲ್ಲ. ಅವರಿಗೆ ಕೇಳಿಸಿದ್ದು ನಿಜವಾದ ದನಿ."

ಮೇಲೆ ಫ್ಯಾನು ಕಿರ್ ಕಿರ್ ಎಂದು ಸುತ್ತುತ್ತಿತ್ತು. ಭಾವ ನಿಧಾನಕ್ಕೆ ಈ ಕಡೆ ತಿರುಗಿದರು.

"ಕೇಳಿಸಿತ್ತಾ...?" ಎಂದರು. "ನಂಗೆ ನಿಜವಾಗ್ಲೂ ಕೇಳಿಸಿತ್ತಾ?"

"ಅದನ್ನೇ ಅಲ್ವಾ ಭಾವಾ ನಾನು ಬಡ್ಕೊಳ್ತಾ ಇದ್ದಿದ್ದು!" ಎಂದ ಅವನು.

"ನೋಡೇ! ನೋಡೇ ಇವಳೇ!" ಭಾವ ಎದ್ದು ನಿಂತು ಹೆಂಡತಿಯ ಎರಡೂ ಭುಜ ಹಿಡಿದು ಅಲುಗಾಡಿಸಿದರು. "ನನ್ನ ಕಿವಿ ಸರಿಯಿದೆ ಕಣೇ! ಕೇಳಿಸಿತ್ತು ನಂಗೆ! ನಮ್ಮ ಹುಡುಗನ್ನ ನಾನು ಸುಮ್ನೆ..." ಎನ್ನುತ್ತ ಅಷ್ಟು ದೊಡ್ಡ ಮನುಷ್ಯ ಪುಟ್ಟ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಒಂದು ವಾರದಿಂದ ತಡೆದದ್ದೆಲ್ಲ ಹೊರಗೆ ಬಂತು. ಪಕ್ಕದ ಮಂಚದವರು ಎದ್ದು ಕೂತು ನೋಡಿದರು.

ಅಕ್ಕ ಗಂಡನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಅವಳ ಕಣ್ಣಿಂದಲೂ ಧಾರೆ. ಆಮೇಲೆ ಪುಕ್ಕಲಿಯ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

"ನನ್ನ ತಮ್ಮ ಹೋಗಿಬಿಟ್ಟಿದ್ರೆ ನಿನ್ನ ಈ ಜನ್ಮದಲ್ಲಿ ಕ್ಷಮಿಸ್ತಿರಲಿಲ್ಲ."

"ಗೊತ್ತು ಅಕ್ಕಾ."

"ಅದೇನು ಅಷ್ಟು ಅವಸರದ ಮಾತು, ಬಾವಿಯೊಳಗೆ ಹೇಳುವಂಥದ್ದು?"

ಪುಕ್ಕಲಿ ತಲೆ ತಗ್ಗಿಸಿದಳು. ಮಂಚದ ಮೇಲಿದ್ದವನ ಕಿವಿ ಕೆಂಪಾಯಿತು. ಅಕ್ಕ ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು. ಚಾಕು ಕೆಳಗಿಟ್ಟಳು.

"ಓಹೋ... ಹಾಗೋ!" ಮುಖದ ಬಿಗಿ ಒಂದಿಷ್ಟು ಸಡಿಲವಾಯಿತು. "ಏಳ್ರೀ. ಕೆಳಗೆ ಹೋಗಿ ಚಹಾ ಕುಡಿದು ಬರೋಣ. ವಾರದಿಂದ ನೀವು ಸರಿಯಾಗಿ ಏನೂ ತಿಂದಿಲ್ಲ."

"ನಿನಗೆ ನನ್ನ ಮೇಲಿನ ಸಿಟ್ಟು ಹೋಯ್ತಾ?"

"ಚಹಾ ಕುಡಿದ ಮೇಲೆ ಹೇಳ್ತೀನಿ. ಏಳ್ರೀ ಅಂದ್ರೆ!"

ಭಾವ ಕಣ್ಣೊರೆಸಿಕೊಳ್ಳುತ್ತ ಹೊರಟರು. ಬಾಗಿಲಲ್ಲಿ ನಿಂತು ಹಿಂತಿರುಗಿ, "ಏನು ಕೂಗಿದ್ರೂ ನಂಗೆ ಕೇಳಿಸತ್ತೆ, ಹುಷಾರು!" ಎಂದರು. ಅಕ್ಕ ಅವರನ್ನು ಹೊರಗೆಳೆದುಕೊಂಡು ಹೋದಳು.

ಪುಕ್ಕಲಿ ಸ್ಟೂಲಿನ ಅಂಚಿನಲ್ಲಿ ಕೂತಳು. ಅವನ ಪಟ್ಟಿ ಕಟ್ಟಿದ ಕೈ ಮುಟ್ಟಲು ಹೆದರಿ, ಹೊದಿಕೆಯ ತುದಿಯನ್ನು ಮುಟ್ಟಿದಳು.

"ಯಾಕೆ ನಂಗೆ ಹೇಳಿ ಕಳಿಸಲಿಲ್ಲ?"

"ಫೋನ್ ಬಾವಿಯ ತಳಕ್ಕೆ ಬಿದ್ದು ಪುಡಿಯಾಯ್ತು. ಭಾವನ ಕೈಲಿ ಹೇಳಿ ಕಳಿಸಿದ್ರೆ ಎಲ್ಲಾ ಗೊತ್ತಾಗ್ತಿತ್ತು. ನಿಮ್ಮನ್ನ ಯಾರಾದ್ರೂ ಒಂದು ಮಾತು ಅಂದ್ರೆ..."

"ಅನ್ನಲಿ. ಅನ್ನಿಸ್ಕೊಳ್ಳೋ ಹಾಗೇ ಮಾಡಿದೀನಿ." ಅವಳ ಕಣ್ಣು ತುಂಬಿ ಬಂತು. "ನೀವು ಬೇಡ ಅಂತ ಹೊರಟುಹೋದ್ರಿ ಅಂದ್ಕೊಂಡಿದ್ದೆ. ನಿಮ್ಮನ್ನ ಮನಸ್ಸಲ್ಲೇ ಎಷ್ಟು ಬೈದೆ ಗೊತ್ತಾ?"

"ನಾನು ಇಲ್ಲಿ ಮಲಗಿ, ನೀವು ಹಾಗೇ ಅಂದ್ಕೊಂಡಿರ್ತೀರಿ ಅಂತ ಹೆದರ್ತಾ ಇದ್ದೆ. ಮೂಳೆ ನೋವಿಗಿಂತ ಅದೇ ಜಾಸ್ತಿ."

"ನಿಮಗೂ ಭಯ ಆಗತ್ತಾ?"

"ಆಗಲ್ವಾ? ಬಾವಿಗೆ ಇಳಿಯೋವಾಗ ಪ್ರತಿಸಲ ಆಗತ್ತೆ. ಭಯ ಇರೋದ್ರಿಂದ್ಲೇ ಇಷ್ಟು ವರ್ಷ ಬದುಕಿದೀನಿ. ಆವತ್ತು ಒಂದೇ ಒಂದು ಗಳಿಗೆ ಭಯ ಮರೆತುಹೋಯ್ತು. ಖುಷಿ ಅಷ್ಟಿತ್ತು."

ಅವಳು ಅಳುತ್ತಲೇ ಅವನ ಒಳ್ಳೆಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನೀವು ಮತ್ತೆ ಆ ಕೆಲಸಕ್ಕೆ ಹೋದ್ರೆ ನಾನು ದಿನಾ ಹೆದರ್ತೀನಿ. ಅದನ್ನ ಬಿಡೋಕೆ ನಂಗೆ ಬರಲ್ಲ."

"ಹೆದರಿ. ಸಂಜೆ ಬಂದು ಸಮಾಧಾನ ಮಾಡೋದು ನನ್ನ ಕೆಲಸ."

ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ದೊಡ್ಡಮ್ಮ ಕೆಳಗೆ ಬೆಂಚಿನ ಮೇಲೆ ಕೂತು, ಮೇಲಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಳು.

"ಒಂದು ಕೇಳ್ಲಾ?" ಎಂದಳು ಪುಕ್ಕಲಿ. "ಆವತ್ತು ನಾನು ಕಿವಿ ಮುಚ್ಕೊಂಡು ಓಡಿದ್ನಲ್ಲ... ನೀವು ಏನಂತ ಕೂಗಿದ್ರಿ?"

ಅವನು ನಾಚಿಕೊಂಡ. ಕಿಟಕಿ ನೋಡಿದ, ಫ್ಯಾನು ನೋಡಿದ, ಕೊನೆಗೆ ಅವಳನ್ನು ನೋಡಿದ.

"'ಇರು, ಬಂದೆ!' ಅಂತ." ಎಂದ. "ಬಂದೆ ಅಂದವನು ಇಷ್ಟು ದಿನ ಬರೋಕಾಗ್ಲಿಲ್ಲ..."

ಅವಳು ಅವನ ಕೈಯನ್ನು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡಳು.

"ಪರವಾಗಿಲ್ಲ. ನಾನೇ ಬಂದೆ."